ತಗಡಿನ ಕಿಟಕಿ

ಮೋಟಾರ್ ರಿಪೇರಿ ಅಂಗಡಿಯ ಮುಂದೆ ಸಾಬರು ಕೇಳಿದಾಗ ನಾನು "ಇಲ್ಲ" ಎಂದೆನೋ, ಬಾಯಿ ಮುಚ್ಚಿಕೊಂಡು ನಿಂತಿದ್ದೆನೋ, ಈಗ ಖಚಿತವಿಲ್ಲ. ಎರಡೂ ನೆನಪಾಗುತ್ತವೆ. ಸುಮ್ಮನಿದ್ದ ನೆನಪೇ ಹೆಚ್ಚು ಸ್ಪಷ್ಟ. ಅದು ನನಗೆ ಅನುಕೂಲವಾದದ್ದೂ ಹೌದು, ಆದ್ದರಿಂದ ನಂಬುವುದು ಕಷ್ಟ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಕೋಲಾರದಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವ ವಕೀಲರು. ಊರಿನಲ್ಲಿ ಮೋಟಾರ್ ಸೈಕಲ್ ಇದ್ದ ಕೆಲವೇ ಜನರಲ್ಲಿ ಅವರೂ ಒಬ್ಬರು. ಕಚ್ಚೆಪಂಚೆ, ಕರಿ ಕೋಟು, ರುಮಾಲು ತೊಟ್ಟೇ ಅದನ್ನು ಓಡಿಸುತ್ತಿದ್ದರು. ಇಂಜಿನ್ನು ಎಣ್ಣೆ ಉಗುಳುತ್ತಿತ್ತು. ಕೋರ್ಟು ಮುಟ್ಟುವಷ್ಟರಲ್ಲಿ ಬಿಳಿ ಪಂಚೆಯ ಮೊಣಕಾಲಿನ ಭಾಗ ಕಪ್ಪಾಗಿರುತ್ತಿತ್ತು. ಎದುರು ಪಕ್ಷದ ವಕೀಲರು "ಏನ್ ಸ್ವಾಮಿ, ಗಾಣ ಆಡಿಸ್ಕೊಂಡ್ ಬಂದ್ರಾ?" ಎಂದು ಎಲ್ಲರಿಗೂ ಕೇಳುವಂತೆ ನಕ್ಕಿದ್ದರಂತೆ.

ಮಾವ ನೇರವಾಗಿ ಸಾಬರ ಹತ್ತಿರ ಹೋದರು. ಬೀಗ, ಸ್ಟವ್ ರಿಪೇರಿ ಮಾಡುತ್ತಿದ್ದ ಸಾಬರು ಯಾರೂ ಹೇಳಿಕೊಡದೆ ಮೋಟಾರ್ ಕೆಲಸ ಕಲಿತಿದ್ದರು. ಆಗಷ್ಟೇ ಸ್ಟವ್‌ಗಳನ್ನು ಬಿಟ್ಟು ಅದೊಂದನ್ನೇ ನಂಬಿ ಪೇಟೆಯಲ್ಲಿ ಅಂಗಡಿ ಹಿಡಿದಿದ್ದರು. ಸೀಮೆಎಣ್ಣೆ ಡಬ್ಬಗಳನ್ನು ಬಿಚ್ಚಿ, ತಟ್ಟಿ, ಇಂಜಿನ್ನಿನ ಎರಡೂ ಪಕ್ಕಕ್ಕೆ ಕಾಲು ಮರೆಯಾಗುವಂತೆ ತಗಡು ಕೂರಿಸಿದರು. ಆದರೆ ತಗಡಿನ ನಡುವೆ ಒಂದೊಂದು ಕಿಟಕಿ ಕತ್ತರಿಸಿದ್ದರು.

"ಇದ್ಯಾಕಯ್ಯಾ ತೂತು? ಎಣ್ಣೆ ಬರಲಿ ಅಂತಾನಾ?" ಎಂದರು ಮಾವ.

"ಗಾಳಿ ಬರ್ಲಿ ಅಂತ ಸಾಮಿ. ಇದನ್ನ ತಣ್ಣಗಿಡೋಕೆ ನೀರಿಲ್ಲ, ಗಾಳೀನೇ ನೀರು." ಸಾಬರು ಸಿಲಿಂಡರಿನ ಸುತ್ತ ಒಂದರ ಮೇಲೊಂದು ನಿಂತ ಕಬ್ಬಿಣದ ಏಣುಗಳನ್ನು ಬೆರಳಿನಿಂದ ತೋರಿಸಿದರು. ಅವರು ಅವನ್ನು ಬಳೆ ಎನ್ನುತ್ತಿದ್ದರು. "ಈ ಬಳೆಗಳಿಗೆ ಗಾಳಿ ತಾಕ್ಬೇಕು. ಇಲ್ಲಿ ಏನೂ ಕಟ್ಬೇಡಿ, ಬಟ್ಟೆ ತುರುಕ್ಬೇಡಿ. ಕಾದು ಪಿಸ್ಟನ್ ಹಿಡ್ಕೊಂಬಿಡ್ತದೆ."

ಕಾಲೇಜಿನಲ್ಲಿ ಉಷ್ಣದ ಬಗ್ಗೆ ಒಂದು ಇಡೀ ಪತ್ರಿಕೆ ಬರೆದು ಬಂದಿದ್ದ ನಾನು ತಲೆಯಾಡಿಸಿದೆ. ಅವರು ಹೇಳಿದ್ದು ಸರಿ ಎಂದು ಪ್ರಮಾಣಪತ್ರ ಕೊಡುವವನ ಹಾಗೆ.

ಕೆಲವು ವಾರಗಳ ನಂತರ ಒಂದು ಬೆಳಗ್ಗೆ ಮಾವ, ನಾನು ಶ್ರೀನಿವಾಸಪುರದ ಕಡೆ ಹೊರಟೆವು. ಕಕ್ಷಿಗಾರನೊಬ್ಬನ ಜಮೀನಿನ ಬದು ನೋಡಬೇಕಿತ್ತು, ಎರಡು ದಿನದ ಕೆಲಸ. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಮಾವನ ಕಾಗದದ ಕಟ್ಟು. ನನ್ನ ಬಟ್ಟೆ, ಪುಸ್ತಕ ತುಂಬಿದ ಕ್ಯಾನ್‌ವಾಸ್ ಚೀಲಕ್ಕೆ ಜಾಗವಿರಲಿಲ್ಲ. ಬಲಗಡೆ ತಗಡಿಗೂ ಸಿಲಿಂಡರಿಗೂ ನಡುವೆ ಒಂದು ಗೇಣು ಸಂದಿಯಿತ್ತು. ಚೀಲ ಅಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ಕಿಟಕಿಯೂ ಮುಚ್ಚಿತು.

"ಎರಡೂ ಕೆಲಸ ಆಯ್ತು ಕಣೋ, ಪಂಚೇನೂ ಉಳೀತು" ಎಂದು ಮಾವ ಹೇಳಿದ್ದು ಕಿವಿಯಲ್ಲಿದೆ. ಚೀಲ ತುರುಕಿದ ಕೈ ಯಾರದು ಎಂಬುದು ಮಾತ್ರ ಖಚಿತವಿಲ್ಲ. ನನ್ನ ನೆನಪು ಮಾವನ ಕೈ ತೋರಿಸುತ್ತದೆ. ಬೇರೆ ಯಾರ ಕೈ ತೋರಿಸೀತು?

ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಏರು ಬಂದಾಗ ಮೋಟಾರ್ ಸೈಕಲಿನ ವೇಗ ಇಳಿಯಿತು. ಇಂಜಿನ್ನಿನ ಸದ್ದು ಬಿಗಿಯಾಯಿತು. ಬಟ್ಟೆ ಕಮರಿದ ವಾಸನೆ ಬಂತೆಂದು ಈಗ ಅನ್ನಿಸುತ್ತದೆ, ಆಗ ಬಂದಿತ್ತೋ ಇಲ್ಲವೋ. ಇದ್ದಕ್ಕಿದ್ದಂತೆ ಹಿಂದಿನ ಚಕ್ರ ಕಚ್ಚಿಕೊಂಡು, ನಾವಿಬ್ಬರೂ ಧೂಳಿನಲ್ಲಿ ಕೂತಿದ್ದೆವು. ಮಾವನ ಪಂಚೆ ಮೊಣಕಾಲಿನ ಬಳಿ ಹರಿದಿತ್ತು.

ಕಡಲೆಕಾಯಿ ಮೂಟೆಯ ಗಾಡಿ ಹೊಡೆದುಕೊಂಡು ಬಂದ ರೈತನೊಬ್ಬ ಎತ್ತು ನಿಲ್ಲಿಸಿದ. "ಏನ್ ಸಾಮೀ, ಗುರ್ರಂಗೆ ದಾಹ ಆಗೈತಾ? ನಮ್ ಎತ್ತಿನ್ ಬಕೀಟು ಕೊಡ್ಲಾ?" ಎಂದ. ಕಬ್ಬಿಣದ ಕುದುರೆಗೆ ನೀರು ಕುಡಿಸುವ ಮಾತಿಗೆ ಗಾಡಿಯಲ್ಲಿದ್ದ ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮೋಟಾರ್ ಸೈಕಲನ್ನು ಇನ್ನೊಂದು ಬಾಡಿಗೆ ಗಾಡಿಗೆ ಏರಿಸಿ ಕೋಲಾರಕ್ಕೆ ತಂದೆವು. ಚೀಲ ಆಗಲೇ ನನ್ನ ಹೆಗಲಿಗೆ ಬಂದಿತ್ತು.

ಅಂಗಡಿಯ ಮುಂದೆ ಜನ ಸೇರಿದರು. ಮಾವ ಕೋರ್ಟಿನ ಗಂಟಲಿನಲ್ಲಿ ಶುರು ಮಾಡಿದರು: "ಎಣ್ಣೆ ಹಾಕದೆ ಕಳಿಸಿದ್ದೀಯಲ್ಲಯ್ಯಾ! ಸ್ಟವ್ ರಿಪೇರಿಯವನ ಕೈಗೆ ಇಂಜಿನ್ ಕೊಟ್ಟಿದ್ದು ನನ್ನ ತಪ್ಪು."

ಸಾಬರು ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ತೋರಿಸಿದರು. "ಎಣ್ಣೆ ಐತೆ, ನೋಡ್ಕಳಿ ಸಾಮಿ. ಗಾಳಿ ತಪ್ಪೈತೆ. ಕಿಟ್ಕಿಗೆ ಏನಾನ ಅಡ್ಡ ಇಟ್ಟಿದ್ರಾ?"

"ನನ್ನ ಅಳಿಯ ಸೈನ್ಸ್ ಓದಿದವನು. ಅವನನ್ನೇ ಕೇಳು."

ಸಾಬರು ನನ್ನ ಕಡೆ ತಿರುಗಿದರು. "ಹೇಳಿ ಸಾಮಿ, ನೀವು ಓದಿದೋರು. ಏನಾನ ಇತ್ತಾ?"

ಚೀಲ ನನ್ನ ಹೆಗಲಿನ ಮೇಲೆಯೇ ಇತ್ತು. ಅವರ ಕಣ್ಣು ಅದರ ಮೇಲೆ ಒಂದು ಗಳಿಗೆ ನಿಂತಿತೆಂದು ನಾನು ನಂಬಿದ್ದೇನೆ. ಹೌದು ಎಂದು ನಾನು ಹೇಳಲಿಲ್ಲ. ಅಷ್ಟಂತೂ ನಿಜ, ಯಾಕೆಂದರೆ ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಮಾವನ ಮಾತಿಗೆ ಊರಿನಲ್ಲಿ ತೂಕವಿತ್ತು. ಮೋಟಾರ್ ಸೈಕಲ್ ಇದ್ದವರೆಲ್ಲ ಅವರ ಸ್ನೇಹಿತರೇ. ಒಬ್ಬೊಬ್ಬರಾಗಿ ಬೆಂಗಳೂರಿಗೆ ರಿಪೇರಿಗೆ ಕಳಿಸತೊಡಗಿದರು. ಅಂಗಡಿ ಆ ವರ್ಷವೇ ಮುಚ್ಚಿತು. ಯುದ್ಧದ ನಡುವೆ ಒಮ್ಮೆ, ಮಾಲೂರಿನ ಸಂತೆಯಲ್ಲಿ ಸಾಬರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ಕಂಡೆ. ಆಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬಸ್ಸು ಹತ್ತು ನಿಮಿಷ ನಿಂತಿತ್ತು. ನಾನು ಇಳಿಯಲಿಲ್ಲ. ಅದು ಅವರೇ ಹೌದೋ ಅಲ್ಲವೋ ಎಂದು ಆಮೇಲೆ ಅನುಮಾನ ಪಟ್ಟೆ. ಅನುಮಾನ ಪಡುವುದನ್ನೇ ವಿದ್ಯೆ ಎಂದು ನನಗೆ ಕಲಿಸಿದ್ದರು, ಅದು ಹೀಗೂ ಉಪಯೋಗಕ್ಕೆ ಬರುತ್ತದೆ.

ಮಾವ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಲು ಹೋದೆ. ಕೆಟ್ಟುಹೋಗಿ ಬಿಚ್ಚಿ ತೆಗೆಸಿದ್ದ ಆ ಸಿಲಿಂಡರನ್ನು ಮಾವ ಕೊನೆಯವರೆಗೂ ಕಚೇರಿ ಕೋಣೆಯ ಬಾಗಿಲು ಹೊಡೆದುಕೊಳ್ಳದಂತೆ ಅಡ್ಡ ಇಡುತ್ತಿದ್ದರು. ಅಟ್ಟದಲ್ಲಿ ನನ್ನ ಹಳೆಯ ಚೀಲ ಸಿಕ್ಕಿತು. ಅದರ ಒಂದು ಮಗ್ಗುಲಲ್ಲಿ ಕಂದುಬಣ್ಣದ ಸುಟ್ಟ ಗೆರೆಗಳಿದ್ದವು, ಒಂದರ ಕೆಳಗೊಂದು. ಕೈ ಯಾರದೆಂದು ಚೀಲ ಹೇಳುವುದಿಲ್ಲ, ಬಾಯಿ ಏನೆಂದಿತೆಂದೂ ಹೇಳುವುದಿಲ್ಲ. ಚೀಲವನ್ನು ಬಾಗಿಲಿಗೆ ತಂದು ಸಿಲಿಂಡರಿಗೆ ಒತ್ತಿ ಹಿಡಿದೆ. ಏಳು ಗೆರೆಗಳು ಏಳು ಬಳೆಗಳ ಮೇಲೆ ಸರಿಯಾಗಿ ಕೂತವು.