ಎಲ್ಲರ ಮನೆಯ ನೀರು, ಒಂದು ಕೂಸಿನ ದೀಕ್ಷಾಸ್ನಾನ

ಎರಡು ವರ್ಷದ ಹಿಂದಿನ ಡಿಸೆಂಬರ್. ಬಾಗಲಕೋಟೆಯ ಒಂದು ನೀರು ಪರೀಕ್ಷಾ ಲ್ಯಾಬಿನಲ್ಲಿ ನಾನು ಕಿರಿಯ ವಿಶ್ಲೇಷಕಿಯಾಗಿದ್ದೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಬರುವ ಬಾಟಲಿಗಳಲ್ಲಿ ಫ್ಲೋರೈಡ್ ಎಷ್ಟಿದೆ, ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವುದು ನನ್ನ ಕೆಲಸ. ವಿದ್ಯಾಗಿರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ದೇವರ ಮಾತು ಬಂದರೆ ಮೊದಲು ಪುರಾವೆ ಕೇಳುತ್ತಿದ್ದೆ. ಈಗಲೂ ಕೇಳುತ್ತೇನೆ.

ಒಂದು ಮಧ್ಯಾಹ್ನ ಗುಳೇದಗುಡ್ಡದ ಸಣ್ಣ ಕ್ರೈಸ್ತ ಸಭೆಯೊಂದರ ಪಾದ್ರಿ ಬಂದರು. ಊರವರು ಅವರನ್ನು ಅಯ್ಯನವರು ಎನ್ನುತ್ತಾರೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಕೂಸಿಗೆ ದೀಕ್ಷಾಸ್ನಾನವಿದ್ದರೆ, ಆ ಸಭೆಯ ಪ್ರತಿ ಮನೆಯವರೂ ಒಂದು ತಂಬಿಗೆ ನೀರು ತಂದು ಒಂದೇ ಪಾತ್ರೆಗೆ ಸುರಿಯುವುದು ರೂಢಿ. ನೇಕಾರರ ಮನೆಯ ಸೊಸೆ ಎಸ್ತೇರ್ ಈ ಸಲ ಅದು ಬೇಡವೆಂದಿದ್ದಳು. ಆಕೆಯ ಮೊದಲ ಮಗು ವಾಂತಿಭೇದಿಯಿಂದ ತೀರಿಕೊಂಡಿತ್ತು. ಈಗ ದೀಕ್ಷಾಸ್ನಾನವಿದ್ದ ಎರಡನೆಯದಕ್ಕೆ ಪರರ ಮನೆಯ ನೀರು ಸೋಕಿಸಲೂ ಅಂಜುತ್ತಿದ್ದಳು. ಎಲ್ಲ ಮನೆಗಳ ನೀರನ್ನು ಪರೀಕ್ಷಿಸಿ ಕೊಡಿರೆಂದು ಅಯ್ಯನವರು ಕೇಳಿದರು.

"ಕ್ಯಾನ್ ನೀರಿನ್ಯಾಗ ಮಾಡ್ರಿ, ಮುಗೀತಲ್ಲ," ಎಂದೆ.

"ದೀಕ್ಷಾಸ್ನಾನ ಮುಗೀತೈತಿ ತಂಗಿ. ಆಕಿ ಅಂಜಿಕಿ ಮುಗೀತೈತೇನು?"

"ಪ್ರಾರ್ಥನಾ ಮಾಡಿದ್ರ ಮುಗೀತೈತೇನ್ರಿ?"

"ಬರೇ ಪ್ರಾರ್ಥನಾ ಸಾಕು ಅನ್ನಾಂವ ಇದ್ರ, ಬಸ್ ಹತ್ತಿ ನಿಮ್ಮ ಲ್ಯಾಬಿಗೆ ಯಾಕ ಬರ್ತಿದ್ದೆ?"

ಆ ಸುತ್ತು ಅವರು ಗೆದ್ದರು.

ಮರುದಿನ ಐಸ್ ಪೆಟ್ಟಿಗೆ, ಕ್ರಿಮಿಶುದ್ಧ ಬಾಟಲಿ ಹಿಡಿದು ಹೋದೆ. ಮಗ್ಗಗಳ ಸದ್ದಿನ ನಡುವೆ ಮನೆಮನೆಯ ನೀರು ತುಂಬಿಸಿಕೊಂಡೆ. ಎಸ್ತೇರಳ ಪಕ್ಕದ ಮನೆಯ ಸರೋಜವ್ವನಿಗೆ ಸಿಟ್ಟು. "ಆಕಿಗೆ ನಮ್ಮ ತಂಬಿಗಿ ಹೊಲಸಾತು. ನಮ್ಮ ನೀರು ಫಸ್ಟ್ ಕ್ಲಾಸ್ ಪಾಸ್ ಅಂತ ಬರೀ ಯವ್ವಾ."

ಪಾಸಾಯಿತು. ಒಂದು ಬಿಟ್ಟು ಉಳಿದ ಮನೆಗಳದೂ ಪಾಸಾಯಿತು. ಮಲ ಬೆರೆತದ್ದರ ಗುರುತಾದ ಇ-ಕೊಲೈ ಬ್ಯಾಕ್ಟೀರಿಯಾ ಕಂಡದ್ದು ಒಂದೇ ಬಾಟಲಿಯಲ್ಲಿ. ಅದು ಎಸ್ತೇರಳ ಅಂಗಳದ ಡ್ರಮ್ಮಿನದು.

ಫಲಿತಾಂಶವನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಮತ್ತೆ ಹೋದೆ. ಅಯ್ಯನವರೂ ಜೊತೆಗಿದ್ದರು. ಕೇಳುತ್ತಲೇ ಎಸ್ತೇರ್ ಮಗ್ಗದ ಕಟ್ಟೆಯ ಮೇಲೆ ಕೂತಳು.

"ಅಂದ್ರ ಮೊದಲಿನ ಕೂಸಿಗೆ ನಾನ ಕುಡಿಸಿದ್ನೇನ್ರಿ, ಈ ನೀರು?"

"ಹಂಗ ಹೇಳಾಕ ಬರೂದಿಲ್ಲ," ಎಂದೆ. "ಈ ಪರೀಕ್ಷೆ ಈ ವಾರದ ನೀರಿಂದು. ಅವತ್ತಿನ ನೀರು ನನ್ನ ಕಡೆ ಇಲ್ಲ. ಇದನ್ನ ಹಿಡಕೊಂಡು ನಿಮ್ಮ ಮ್ಯಾಲ ತಪ್ಪು ಹೊರಿಸಿದ್ರ ಅದು ಸುಳ್ಳಾಗ್ತೈತಿ."

"ಖರೆ ಹೇಳ್ತೀರೋ, ಸಮಾಧಾನಕ್ಕ ಹೇಳ್ತೀರೋ?"

ಅಯ್ಯನವರು ನಡುವೆ ಬಂದರು. "ಈಕಿ ಕಡೆ ಸಮಾಧಾನದ ಮಾತು ಇಲ್ಲ ಯವ್ವಾ ಎಸ್ತೇರ್. ದೇವರನ್ನೂ ಬಿಡೂದಿಲ್ಲ, ನಿನ್ನ ಬಿಡ್ತಾಳೇನು?"

ಎಸ್ತೇರ್ ಅಳುತ್ತಲೇ ನಕ್ಕಳು. ಬಳಿಕ ಪ್ರಾರ್ಥನೆ ಮಾಡಿರೆಂದು ಅವರನ್ನು ಕೇಳಿದಳು. ಅವರಿಬ್ಬರೂ ಕಣ್ಣು ಮುಚ್ಚಿದರು. ನಾನು ಕಣ್ಣು ತೆರೆದೇ ಕೂತಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಎಲ್ಲಾರೂ ನೀರು ನಮ್ಮ ಮನಿಗೆ ತರಲಿ. ನಾ ಕಾಸ್ತೇನಿ," ಎಂದಳು.

ಡ್ರಮ್ಮನ್ನು ಬ್ಲೀಚಿಂಗ್ ಪುಡಿಯಿಂದ ತೊಳೆಸಿ, ಮುಚ್ಚಳ ಹಾಕಿಸಿದೆ. ನೀರು ಕೊತಕೊತ ಕುದಿಯಬೇಕು, ಆರುವಾಗಲೂ ಮುಚ್ಚಿಡಬೇಕೆಂದು ವಿವರಿಸಿದೆ. ಭಾನುವಾರ ನಸುಕಿನಲ್ಲೇ ಆಕೆಯ ಒಲೆಯ ಮೇಲಿನ ಹಂಡೆಗೆ ಒಂದೊಂದೇ ತಂಬಿಗೆ ಬಂದು ಬಿತ್ತು.

"ಪಾಸಾದ ನೀರಿಗೂ ಬೆಂಕಿ ಶಿಕ್ಷಾ ಏನವಾ?" ಸರೋಜವ್ವ ಚುಚ್ಚಿದಳು.

"ಫೇಲಾಗಿದ್ದು ನಂದು, ಅತ್ತಿ. ನಿಮ್ಮದು ನನ್ನ ಸಂಗಾಟ ಕುದೀತೈತಿ."

ಸರೋಜವ್ವ ತಂಬಿಗೆ ಬಗ್ಗಿಸಿ, ಅಲ್ಲೇ ಕೂತು ಒಲೆಗೆ ಕಟ್ಟಿಗೆ ತುರುಕಿದಳು.

ಆರಿದ ನೀರನ್ನು ಅಯ್ಯನವರು ಕೂಸಿನ ಹಣೆಗೆ ಹಾಕಿದಾಗ ಒಂದು ಹನಿ ಜಾರಿ ತುಟಿಗೆ ಬಂತು. ಒರೆಸಲು ಎತ್ತಿದ ಕೈಯನ್ನು ಎಸ್ತೇರ್ ತಡೆದುಕೊಂಡಳು. ಕೂಸು ಹನಿಯನ್ನು ಚಪ್ಪರಿಸಿತು. ಆರಾಧನೆ ಮುಗಿದ ಮೇಲೆ ಎಸ್ತೇರ್ ನನ್ನ ಕೈ ಹಿಡಿದು, "ಭಾಳ ದಿವಸದ ಮ್ಯಾಲ ದೇವರು ನನ್ನೆದಿಯೊಳಗ ಶಾಂತಿ ಇಟ್ಟಾನ್ರಿ," ಎಂದಳು. ವಾದಿಸುವ ಹುಡುಗಿ ನಾನು, ವಾದಿಸಲಿಲ್ಲ. ಹನಿ ಒರೆಸದೆ ತಡೆದುಕೊಂಡ ಕೈ ಅದು.

ಆ ಕೆಲಸ ನನಗೊಂದು ಪಾಠ ಕಲಿಸಿತು. ಕೆಟ್ಟ ಫಲಿತಾಂಶ ಬಂದಾಗ ವರದಿ ಏನು ಹೇಳುತ್ತದೆ ಎಂಬಷ್ಟಕ್ಕೆ ನಾನೀಗ ನಿಲ್ಲಿಸುವುದಿಲ್ಲ. ಅದು ಏನನ್ನು ಹೇಳಲಾರದು ಎಂಬುದನ್ನೂ ಎದುರಿಗೆ ಕೂತು ಹೇಳಿಯೇ ಎದ್ದು ಬರುತ್ತೇನೆ.