ಭಾರದ ಗುಂಡಿಗೆ ನಿಧಾನದ ಮದ್ದು

ನನ್ನ ಮೊಮ್ಮಗಳು ದೋಹಾದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ತೋಟೆ ತುಂಬುವ ಕೆಲಸ ಮಾಡುತ್ತಾಳೆ. ಊರಿನಲ್ಲಿ ಯಾರಾದರೂ ಕೇಳಿದರೆ ಇದನ್ನು ಎರಡು ಸಲ ಹೇಳುತ್ತೇನೆ, ಕೇಳದಿದ್ದರೆ ಒಂದು ಸಲ. ದೊಡ್ಡ ಬೇಟೆಗೆ ಹೋಗುವ ಸದಸ್ಯರ ರೈಫಲ್ಲಿಗೆ ಯಾವ ಗುಂಡು, ಅದರ ಹಿಂದೆ ಯಾವ ಮದ್ದು, ಎಷ್ಟು ಮದ್ದು ಎಂದು ಆರಿಸಿ, ತೂಗಿ, ಹಿತ್ತಾಳೆಯ ತೋಟೆಯೊಳಗೆ ಕೂರಿಸುವುದು ಅವಳ ಕೆಲಸ. ಅಂಗಡಿಯ ತೋಟೆ ಎಲ್ಲರ ಕೋವಿಗೂ ಒಂದೇ. ಅವಳು ತುಂಬಿದ್ದು ಒಬ್ಬರ ಮೈಗೆ ಅಳೆದು ಹೊಲಿದ ಅಂಗಿಯ ಹಾಗೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಮದ್ದಿನ ಮಾತು ಬಂದರೆ ಬಾಯಿ ಮುಚ್ಚಿ ಕೂರುವ ಜನ ನಾನಲ್ಲ. ಹೊಳೆ ದಡದ ನಮ್ಮ ಗೆಣಸಿನ ಗದ್ದೆಗೆ ಹಂದಿ ನುಗ್ಗುತ್ತಿತ್ತು, ಅದಕ್ಕಾಗಿ ಲೈಸನ್ಸಿನ ಕೇಪಿನ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಹಂದಿಗಳಿಗೆ ಆಗ ಹಬ್ಬ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಕಬ್ಬಿಣದ ಗಜದಿಂದ ಕುಟ್ಟಿ, ಗಜ ಹೊರಗೆ ಎಷ್ಟು ಬೆರಳು ನಿಂತಿದೆ ಎಂದು ನೋಡುವುದೇ ನಮ್ಮ ಲೆಕ್ಕ. ಮಂಗ ಓಡಿಸಲು ಎರಡು ಬೆರಳು, ಹಂದಿಗೆ ನಾಲ್ಕು. ಪ್ರಾಣಿ ದೊಡ್ಡದಾದಷ್ಟೂ ಮದ್ದು ಹೆಚ್ಚು. ಇಷ್ಟು ವಿದ್ಯೆಯಲ್ಲಿ ನಾನು ಜೀವನ ಕಳೆದಿದ್ದೆ.

ಈ ಬೇಸಿಗೆಯಲ್ಲಿ ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಮಗನ ಫ್ಲ್ಯಾಟಿಗೆ ಬಂದಾಗ ಮೊಮ್ಮಗಳ ಪ್ರೊಬೇಷನ್ ಮುಗಿಯುವುದರಲ್ಲಿತ್ತು. ಕಾಯಂ ಮಾಡುತ್ತಾರೋ ಕಳಿಸುತ್ತಾರೋ ಗೊತ್ತಿಲ್ಲ. ಮೆಸಯೀದಿನ ಒಂದು ಪ್ಲಾಂಟಿನಲ್ಲಿ ಟೆಕ್ನಿಷಿಯನ್ ಆಗಿರುವ ನನ್ನ ಮಗನಿಗೆ ಮಗಳ ಈ ಕೆಲಸ ಮೊದಲಿಂದಲೂ ಹಿಡಿಸಿರಲಿಲ್ಲ. ಕಾಯಂ ಆಗದಿದ್ದರೆ ತನ್ನ ಸ್ನೇಹಿತನ ಅಕೌಂಟ್ಸ್ ಆಫೀಸಿಗೆ ಸೇರಬೇಕು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ. ಅಲ್ಲಿ ಕುರ್ಚಿಯೂ ಕಾದಿತ್ತು.

ಒಂದು ಶುಕ್ರವಾರ ಊಟವಾದ ಮೇಲೆ ಅವಳು ನನ್ನ ಎದುರು ಬಂದು ಕುಳಿತಳು. ಮದ್ದನ್ನು ಕ್ಲಬ್ಬಿನಿಂದ ಹೊರಗೆ ತರುವ ಹಾಗಿಲ್ಲ. ಕೈಯಲ್ಲಿ ಇದ್ದದ್ದು ಬರಿಯ ಎರಡು ಗುಂಡು, ಒಂದು ಸಣ್ಣದು, ಒಂದು ಉದ್ದದ್ದು.

"ಅಜ್ಜ, ನನಗೊಂದು ತಲೆನೋವು ಉಂಟು."

ತಲೆನೋವು ಅಲ್ ಖೋರ್‌ನಲ್ಲಿರುವ ಒಬ್ಬ ದಕ್ಷಿಣ ಆಫ್ರಿಕಾದ ಇಂಜಿನಿಯರ್. ಕ್ಲಬ್ಬಿನ ಹಳೆಯ ಸದಸ್ಯ. ವರ್ಷಕ್ಕೊಮ್ಮೆ ತನ್ನ ದೇಶಕ್ಕೆ ಹೋಗಿ, ಎತ್ತಿನ ಗಾತ್ರದ ಒಂದು ಜಾತಿಯ ಜಿಂಕೆಯನ್ನು ಪರವಾನಗಿ ಪಡೆದು ಬೇಟೆಯಾಡುತ್ತಾನೆ. ಅವನಿಗೆ ಹಗುರ ಗುಂಡು, ಬೇಗ ಉರಿಯುವ ಮದ್ದು, ಅದೂ ಮದ್ದಿನ ಅಳತೆಯ ಪುಸ್ತಕ ಹೇಳುವ ಮಿತಿಯ ಅಂಚಿನವರೆಗೆ ಬೇಕು.

"ಚಳಿಗಾಲದಲ್ಲಿ ಅದೇ ಲೋಡ್ ಚೆನ್ನಾಗಿತ್ತು. ಈಗ ಹೊಡೆದ ಮೇಲೆ ಬೋಲ್ಟ್ ಏಳುವುದಿಲ್ಲ." ಬೋಲ್ಟ್ ಎಂದರೆ ಸುಟ್ಟ ತೋಟೆಯನ್ನು ಹೊರಗೆಳೆಯಲು ಎತ್ತುವ ಹಿಡಿಕೆ.

"ಮದ್ದಿಗೆ ತೇವ ತಾಗಿದೆ ಮಾರಾಯ್ತಿ," ಎಂದೆ ನಾನು. "ಒಂದು ದಿನ ಬಿಸಿಲಿಗೆ ಹರಡು, ಸರಿಯಾಗ್ತದೆ." ನಮ್ಮ ಕಡೆ ಮಳೆಗಾಲದಲ್ಲಿ ಮದ್ದಿಗೆ ಬರುವ ರೋಗ ಅದೊಂದೇ.

ಅವಳು ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. "ಬಿಸಿಲಿಗಾ? ದೋಹಾದ ಬಿಸಿಲಿಗಾ? ಅಜ್ಜ, ಪ್ಲೀಸ್, ನೀವು ಕ್ಲಬ್ಬಿನ ಹತ್ತಿರ ಬರಬೇಡಿ."

ಆಮೇಲೆ ಬಿಡಿಸಿ ಹೇಳಿದಳು. ಬಿಸಿ ತಾಗಿದರೆ ಕೆಲವು ಮದ್ದು ಇನ್ನೂ ಜೋರಾಗಿ ಉರಿಯುತ್ತದೆ. ಒಳಗಿನ ಒತ್ತಡ ಮಿತಿ ಮೀರಿ ತೋಟೆ ಉಬ್ಬಿ ಕೋವಿಯೊಳಗೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಅವಳು ಉದ್ದನೆಯ ಭಾರದ ಗುಂಡು ಆರಿಸಿದ್ದಳು. ಅದರ ಹಿಂದೆ ನಿಧಾನ ಉರಿಯುವ, ಸೆಕೆಗೆ ಜಗ್ಗದ ಬೇರೆ ಮದ್ದು, ಮಿತಿಗಿಂತ ಒಂದಿಷ್ಟು ಕೆಳಗೇ.

"ದೊಡ್ಡ ಪ್ರಾಣಿ, ಭಾರದ ಗುಂಡು, ಅದಕ್ಕೆ ನಿಧಾನದ ಮದ್ದಾ?" ನಾಲ್ಕು ಬೆರಳಿನ ನನಗೆ ಇದು ನುಂಗಲಾಗಲಿಲ್ಲ. ಎರಡೂ ಗುಂಡುಗಳನ್ನು ಎರಡು ಅಂಗೈಯಲ್ಲಿ ಇಟ್ಟುಕೊಂಡು ಯೋಚಿಸಿದೆ. ಹೊಳೆಯಲ್ಲಿ ಖಾಲಿ ದೋಣಿಯನ್ನು ಒಂದೇ ಗುದ್ದಿಗೆ ನೀರಿಗೆ ತಳ್ಳಬಹುದು. ಹಂಚು ತುಂಬಿದ ದೋಣಿಗೆ ಹಾಗೆ ಗುದ್ದಿದರೆ ನಮ್ಮ ಹೆಗಲೇ ಹೋಗುತ್ತದೆ. ಅದಕ್ಕೆ ಹೆಗಲು ಕೊಟ್ಟು ಒತ್ತುತ್ತಲೇ ಇರಬೇಕು. ಹಾಗೆ ಹೇಳಿದೆ.

"ಅದೇ ಅಜ್ಜ. ಎಕ್ಸಾಕ್ಟ್ಲಿ." ಅಷ್ಟು ಹೇಳಿದ್ದಕ್ಕೆ ನನಗೆ ಮೆಟ್ರಿಕ್ ಪಾಸಾದಷ್ಟು ಖುಷಿ.

ಆದರೆ ಇಂಜಿನಿಯರ್ ಒಪ್ಪುತ್ತಿರಲಿಲ್ಲ. ಕೋವಿ ಸ್ವಚ್ಛ ಮಾಡಿ ಹಳೆಯದನ್ನೇ ತುಂಬಿ ಕೊಡು ಎನ್ನುತ್ತಿದ್ದ. ಮ್ಯಾನೇಜರ್ ಹತ್ತಿರ ಅವನ ಮಾತು ನಡೆಯುತ್ತದೆ. ಅವನು ಮುಖ ಸಿಂಡರಿಸಿದರೆ ಅವಳ ಕೆಲಸ ಖಲಾಸ್.

"ಕಾಯಂ ಆಗುವವರೆಗೆ ಅವನು ಹೇಳಿದ್ದನ್ನೇ ಕೊಡು," ಎಂದೆ.

"ಬೋಲ್ಟ್ ಹಾರಿ ಅವರ ಮುಖಕ್ಕೆ ಬಂದರೆ? ಅಕೌಂಟ್ಸಿಗೆ ಬೇಕಾದರೆ ಹೋಗ್ತೇನೆ, ಅದನ್ನು ಮಾತ್ರ ತುಂಬಿ ಕೊಡುವುದಿಲ್ಲ."

ಅವಳಪ್ಪ ಸೋಫಾದಲ್ಲಿ ಪೇಪರ್ ಹಿಡಿದು ಕೂತಿದ್ದ. ಹಾಳೆ ಮಗುಚಿದ ಸದ್ದು ಆಮೇಲೆ ಬಹಳ ಹೊತ್ತು ಕೇಳಲಿಲ್ಲ.

ಕೊನೆಗೆ ಇಂಜಿನಿಯರ್ ಒಂದು ಸಲ ಹೊಡೆದು ನೋಡಲು ಒಪ್ಪಿದ. ಶನಿವಾರ ಮಗ ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೋದ. ಕಿವಿಗೆ ದೊಡ್ಡ ಮುಚ್ಚಳ ಹಾಕಿ ನಮ್ಮನ್ನು ಗಾಜಿನ ಹಿಂದೆ ಕೂರಿಸಿದರು. ಮೊಮ್ಮಗಳು ತನ್ನ ತೋಟೆಗಳನ್ನು ಹೊರಗಿನ ನೆರಳಲ್ಲಿ ಬಟ್ಟೆಯ ಮೇಲೆ ಸಾಲಾಗಿಟ್ಟು ಪಕ್ಕದಲ್ಲೇ ನಿಂತಿದ್ದಳು. ದೋಹಾದ ನೆರಳೂ ಒಲೆಯ ಬಾಯಿಯೇ. ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿಯಾದ ಮೇಲೆ ತಂದುಕೊಟ್ಟಳು.

ಇಂಜಿನಿಯರ್ ಗಾಜಿನ ಬಾಗಿಲಿಗೆ ಬಂದು ನನ್ನನ್ನು ನೋಡಿ ಏನೋ ಅಂದ, ನಾನು ಕಿವಿಯ ಮುಚ್ಚಳ ಸರಿಸಿದೆ. ಅವಳು ಕೆಂಪಾಗಿ ಕನ್ನಡಕ್ಕೆ ತಿರುಗಿಸಿದಳು: "ನಿಮ್ಮ ಮೊಮ್ಮಗಳು ಕತ್ತೆಯಷ್ಟು ಹಠದವಳು ಅಂತೆ."

"ಆ ಹಠ ನನ್ನದೇ, ಇನ್ನೂ ಸ್ವಲ್ಪ ಉಳಿದಿದೆ ಅಂತ ಹೇಳು."

ಅವನು ನಕ್ಕು, ಮಲಗಿ, ಹೊಡೆದ. ಎದೆಯೊಳಗೆ ತಮಟೆ ಬಡಿದ ಹಾಗಾಯಿತು. ನಾನು ಗುರಿಯನ್ನು ನೋಡಲೇ ಇಲ್ಲ, ಅವನ ಕೈಯನ್ನೇ ನೋಡುತ್ತಿದ್ದೆ. ಬೋಲ್ಟ್ ಬೆಣ್ಣೆಯೊಳಗಿಂದ ಚಮಚ ಎತ್ತಿದ ಹಾಗೆ ಎದ್ದಿತು. ಮತ್ತೆ ಹೊಡೆದ, ಮತ್ತೆ ಎದ್ದಿತು. ಮೂರನೆಯ ಸಲ ಬೇಕೆಂದೇ ಒಂದು ಬೆರಳಲ್ಲಿ ಎತ್ತಿ ನೋಡಿದ. ತರಿಸಿದ ಗುರಿಯ ಕಾಗದದಲ್ಲಿ ಮೂರು ತೂತೂ ಒಂದು ಬಾಟಲಿ ಮುಚ್ಚಳದ ಅಡಿ ಅಡಗುವಷ್ಟು ಹತ್ತಿರ ಇದ್ದವು. ಅವನು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅವಳ ಕಡೆ ತಿರುಗಿ, "ಯಲ್ಲಾ," ಎಂದ, ಅರಬಿಯಲ್ಲಿ ನಡೆಯಲಿ ಎನ್ನುವ ಹಾಗೆ. ಪ್ರವಾಸದ ತೋಟೆ ಎಲ್ಲವನ್ನೂ ಹೀಗೇ ತುಂಬು ಎಂದು ಕೈಸನ್ನೆ ಮಾಡಿ, ಕಾಗದ ಹಿಡಿದುಕೊಂಡೇ ನೇರ ಮ್ಯಾನೇಜರ್ ಕೋಣೆಗೆ ಹೋದ.

ಸ್ವಲ್ಪ ಹೊತ್ತಿಗೆ ಅವಳನ್ನೂ ಒಳಗೆ ಕರೆದರು. ಹೊರಗೆ ಬಂದಾಗ ಕಣ್ಣಿಗೆ ಹಾಕಿದ್ದ ರಕ್ಷಣೆಯ ಕನ್ನಡಕ ಹಣೆಯ ಮೇಲಿತ್ತು.

"ಕಾಯಂ, ಅಜ್ಜ."

ನನಗೆ ಕುಣಿಯಬೇಕು ಅನ್ನಿಸಿತು. ಮೊಣಕಾಲು ಒಪ್ಪಲಿಲ್ಲ, ಪಕ್ಕದಲ್ಲಿದ್ದ ನೇಪಾಳದ ಕಾವಲುಗಾರನ ಕೈಯನ್ನು ಹಿಡಿದು ಕುಲುಕಿದೆ, ಅವನು ಯಾಕೆಂದು ಗೊತ್ತಿಲ್ಲದೆಯೂ ಚೆನ್ನಾಗಿ ನಕ್ಕ.

ಮೊಮ್ಮಗಳು ಕೆಲಸಕ್ಕೆ ಅಲ್ಲೇ ಉಳಿದಳು, ಮಗ ನನ್ನನ್ನು ಕಾರಿನಲ್ಲಿ ಮನೆಗೆ ಹೊರಡಿಸಿದ. ಸಿಗ್ನಲ್ಲಿನಲ್ಲಿ ನಿಂತಾಗ, "ಬೋಲ್ಟ್ ಮುಖಕ್ಕೆ ಬಂದರೆ ಅಂತ ಅವಳು ಅಂದಳಲ್ಲ, ಅಪ್ಪ," ಎಂದ. "ನಮ್ಮ ಪ್ಲಾಂಟಿನಲ್ಲಿ ಸೇಫ್ಟಿಯವರು ಕೂಡ ಅಷ್ಟು ಧೈರ್ಯ ಮಾಡುವುದಿಲ್ಲ." ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟ. "ಆ ಅಕೌಂಟ್ಸಿನವನಿಗೆ ನೀವೇ ಹೇಳಿಬಿಡಿ. ನನಗೆ ನಾಚಿಕೆ."

ನಾನು ಸಂತೋಷದಿಂದ ಹೇಳಿದೆ. ಬರುವುದಿಲ್ಲ ಎಂದೆ. ಯಾಕೆ ಎಂದು ಅವನು ಕೇಳಿದ್ದೇ ತಪ್ಪಾಯಿತು. ಹಗುರ ಗುಂಡಿನಿಂದ ಶುರುಮಾಡಿ ದೋಣಿಯವರೆಗೆ ಎಲ್ಲವನ್ನೂ ವಿವರಿಸಿದೆ. ಮನೆ ಕೆಳಗೆ ಕಾರು ನಿಂತು ಬಹಳ ಹೊತ್ತಾಗಿತ್ತು.

"ಅಜ್ಜ," ಎಂದ ಪಾಪ ಫೋನಿನಲ್ಲಿದ್ದವನು ಕೊನೆಗೆ, "ಹಾಗಾದರೆ ಆ ಕುರ್ಚಿಗೆ ಬೇರೆಯವರನ್ನು ತೆಗೆದುಕೊಳ್ಳಲಾ?"

"ತೆಗೆದುಕೋ ಮಾರಾಯ," ಎಂದೆ, "ಆದರೆ ನಾನು ಇನ್ನೂ ಆ ಮೂರು ತೂತಿನ ವಿಷಯಕ್ಕೇ ಬಂದಿಲ್ಲ."