ಗಡಿಯಾರಕ್ಕೆ ಹೇಳುತ್ತಿದ್ದ ಮೇಡಂ

ಗೋಕಾಕ ಕಡೆಯ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳನ್ನು ಒಳಬಿಡುವುದು ನನ್ನ ಕೆಲಸವಾಗಿತ್ತು. ಓದು ನಾಲ್ಕನೇ ಇಯತ್ತೆಗೇ ನಿಂತಿತ್ತು. ಸಾಲು ನಡೆಸುವುದರಲ್ಲಿ ಮಾತ್ರ ನನಗೆ ಸಾಟಿಯಿರಲಿಲ್ಲ.

"ನಾಳೆ ನಿಮ್ಮ ಪಾಳಿ, ಒಂದು ಗಾಡಿ ತನ್ನಿ" ಎಂಬ ಸಂದೇಶ ರೈತರ ಮೊಬೈಲಿಗೆ ಹೊತ್ತಿಗೆ ಸರಿಯಾಗಿ ತಾನೇ ಹೋಗುವಂತೆ ಕಂಪ್ಯೂಟರಿನಲ್ಲಿ ವೇಳೆ ಹಾಕಿಡುತ್ತಿದ್ದವರು ಗೇಟಿನ ಪಕ್ಕದ ಆಫೀಸಿನಲ್ಲಿದ್ದ ಹುಕ್ಕೇರಿಯ ಮೇಡಂ. ಹಾಕಿದೊಡನೆ ಪರದೆಯನ್ನು ಬಳೆಯಿಂದ ಟಣ್ಣೆಂದು ತಟ್ಟಿ, "ಗಡಿಯಾರಕ್ಕ ಹೇಳೇನ್ರಿ, ಇನ್ನ ಅದು ನೋಡ್ಕೊಂತೈತಿ" ಎನ್ನುವರು.

ಒಮ್ಮೆ ಮೇಡಂ ತುಕ್ಕಾನಟ್ಟಿಯ ರೈತ ಕಾಕಾ ಒಬ್ಬರ ಸಂದೇಶಕ್ಕೆ 'ಒಂದೇ ಸಲ' ಎನ್ನುವ ಬದಲು 'ನಿಮಿಷಕ್ಕೊಮ್ಮೆ' ಎಂದು ಒತ್ತಿಬಿಟ್ಟರು. ಮರುದಿನ ಕಾಕಾ ಊರ ಗಾಡಿಗಳನ್ನೆಲ್ಲ ಹೂಡಿಸಿಕೊಂಡು ಬಂದರು.

"ಮೊಬೈಲ್ ಬಂದ್ ಆಗೂತನಕ ಹದಿನೇಳು ಸಲ ಕರದ್ರಿ, ಹದಿನೇಳು ಗಾಡಿ ತಂದೇನಿ! ಕಡದ ಕಬ್ಬ ಒಣಗಿದರ ಯಾರ ಹೊಣಿ?"

ಮೇಡಂ ಬಿದ್ದು ಬಿದ್ದು ನಕ್ಕರು, ಕಣ್ಣಲ್ಲಿ ಗಾಬರಿಯಿತ್ತು. "ತಪ್ಪ ನಂದ ಐತ್ರಿ ಕಾಕಾ. ಅಣ್ಣಾ, ಏನ್ ಮಾಡೋಣ್ರಿ?" ಎಂದು ನನ್ನತ್ತ ತಿರುಗಿದರು.

ಸಂಜೆಯೊಳಗೆ ಹದಿನೇಳನ್ನೂ ಸಾಲಿನ ನಡುನಡುವೆ ತೂರಿಸಿ ಇಳಿಸಿದೆ.

"ಬರೇ ಗಡಿಯಾರ ನಂಬಬ್ಯಾಡ್ರಿ ಮೇಡಂ. ಒಂದ ಗಾಡಿ ಗೇಟ್ ದಾಟಿದ ಮ್ಯಾಲ ಮುಂದಿನವರನ್ನ ಕರೀರಿ" ಎಂದೆ.

ಅವರು ಹಾಗೆಯೇ ಮಾಡಿದರು. ನನ್ನ ಗೇಟಿಗೊಂದು ಒತ್ತುವ ಗುಂಡಿ ಬಂತು; ಗಾಡಿ ದಾಟಿದ ಮೇಲೆ ನಾನು ಅದನ್ನು ಒತ್ತಿದರಷ್ಟೇ ಮುಂದಿನವರಿಗೆ ಸಂದೇಶ ಹೋಗುವುದು. ಪರದೆ ತಟ್ಟಿ ಕಿಟಕಿಯಿಂದಲೇ ಕೂಗಿದರು: "ಗಡಿಯಾರಕ್ಕ ಹೇಳೇನ್ರಿ ಅಣ್ಣಾ, ನಿಮ್ಮನ್ನ ಕೇಳೇ ಕಳಸು ಅಂತ!"